ಐವತ್ತೇಳರಲ್ಲಿ ಮೂರನೆಯ ವಿಶ್ವ ಪಟ್ಟ: ಕೊಲೀನ್ ಜೋನ್ಸ್ ಅವರ ಕರ್ಲಿಂಗ್ ಬದುಕು

(ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರ ಮುಂದೆ ಆಡಿದ ಮಾತಿನ ಬರಹ ರೂಪ)

2017ರ ಏಪ್ರಿಲ್‌ನಲ್ಲಿ ಆಲ್ಬರ್ಟಾದ ಲೆತ್‌ಬ್ರಿಜ್‌ನಲ್ಲಿ ಹಿರಿಯರ ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಹೆಂಗಸರ ವಿಭಾಗದಲ್ಲಿ ಕೆನಡಾ ಗೆದ್ದಿತು. ಆ ತಂಡದ ನಾಯಕಿ ಕೊಲೀನ್ ಜೋನ್ಸ್. ಆಗ ಅವರಿಗೆ 57 ವರ್ಷ. ಅದಕ್ಕೂ ಮುಂಚೆ ಅವರು ವಯಸ್ಸಿನ ಕಟ್ಟುಪಾಡಿಲ್ಲದ ವಿಶ್ವ ಚಾಂಪಿಯನ್‌ಷಿಪ್ಪನ್ನು ಎರಡು ಸಲ ಗೆದ್ದಿದ್ದರು. 2001ರಲ್ಲಿ ಒಂದು ಸಲ, 2004ರಲ್ಲಿ ಇನ್ನೊಂದು ಸಲ.

ಕೊಲೀನ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆ ಎರಡು ಗೆಲುವುಗಳಿಂದ ಶುರು ಮಾಡುತ್ತಾರೆ. 2017ರ ಗೆಲುವು ಕೊನೆಗೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಾನು ಬೇಕೆಂದೇ ಅದರಿಂದಲೇ ಶುರು ಮಾಡಿದೆ. ಹಿರಿಯರ ವಿಭಾಗ ಎಂದರೆ ನಮಗೆ ಒಳಗೊಳಗೇ ಸ್ವಲ್ಪ ಸಸಾರ ಇರುತ್ತದೆ, ಅಲ್ವಾ? ವಯಸ್ಸಾದವರು ಕಾಲ ಕಳೆಯಲು ಆಡುತ್ತಾರೆ, ಪಾಪ ಆಡಲಿ ಬಿಡಿ, ಅಂತ. ಕೊಲೀನ್ ಅವರ ಆಟದ ಬದುಕನ್ನು ಮೊದಲಿಂದ ನೋಡಿದರೆ ಆ ಸಸಾರ ನಿಲ್ಲುವುದಿಲ್ಲ. ಆ ಪದಕಕ್ಕೂ ಉಳಿದ ಎರಡರಷ್ಟೇ ತೂಕ ಇದೆ ಎಂದು ನಾನು ನಂಬುತ್ತೇನೆ. ಯಾಕೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಇಲ್ಲಿ ಇಪ್ಪತ್ತು ವರ್ಷ ಇದ್ದೂ ಟಿವಿಯಲ್ಲಿ ಕರ್ಲಿಂಗ್ ಬಂದ ಕೂಡಲೇ ಚಾನೆಲ್ ಬದಲಿಸುವವರು ನಮ್ಮಲ್ಲಿ ಜಾಸ್ತಿ. ಸುಮಾರು 45 ಮೀಟರ್ ಉದ್ದದ ಐಸ್ ಪಟ್ಟಿ. ಆ ತುದಿಯಲ್ಲಿ ಐಸಿನೊಳಗೆ ಬಣ್ಣದ ವೃತ್ತಗಳು. ಅದಕ್ಕೆ ಹೌಸ್ ಎನ್ನುತ್ತಾರೆ. ಅಡ್ಡಗಲ 12 ಅಡಿ. ಈ ತುದಿಯಿಂದ ಹತ್ತೊಂಬತ್ತು ಇಪ್ಪತ್ತು ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಜಾರಿಸಿ ಬಿಡಬೇಕು. ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಎದುರಾಳಿಯ ಕಲ್ಲನ್ನು ಹೊಡೆದು ಆಚೆ ತಳ್ಳಬಹುದು, ನಮ್ಮ ಕಲ್ಲಿಗೆ ಅಡ್ಡವಾಗಿ ಇನ್ನೊಂದನ್ನು ಕಾವಲಿಗೆ ನಿಲ್ಲಿಸಬಹುದು. ಕೇರಂ ಆಡಿದವರಿಗೆ ಇದರ ಲೆಕ್ಕಾಚಾರ ಐದು ನಿಮಿಷದಲ್ಲಿ ಹತ್ತುತ್ತದೆ. ಯಾವ ಕಾಯಿಗೆ ಯಾವ ಕೋನದಲ್ಲಿ ತಾಗಿಸಿದರೆ ಯಾವುದು ಎಲ್ಲಿ ಹೋಗುತ್ತದೆ ಅನ್ನುವ ಕಣ್ಣು ಎರಡಕ್ಕೂ ಬೇಕು.

ತಂಡದಲ್ಲಿ ನಾಲ್ಕು ಜನ. ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡದ ಹದಿನಾರು ಕಲ್ಲು ಮುಗಿದರೆ ಒಂದು ಎಂಡ್. ದೊಡ್ಡ ಪಂದ್ಯಗಳಲ್ಲಿ ಹತ್ತು ಎಂಡ್. ಒಬ್ಬರು ಕಲ್ಲು ಬಿಟ್ಟಾಗ ಇಬ್ಬರು ಬ್ರಷ್ ಹಿಡಿದು ಅದರ ಮುಂದೆ ಐಸನ್ನು ಉಜ್ಜುತ್ತಾರೆ. ಐಸಿನ ಮೇಲೆ ನೀರು ಚಿಮುಕಿಸಿ ಸಣ್ಣ ಸಣ್ಣ ಗುಳ್ಳೆಗಳ ಹಾಗೆ ಹೆಪ್ಪುಗಟ್ಟಿಸಿರುತ್ತಾರೆ. ಕಲ್ಲು ಅದರ ಮೇಲೆ ಹೋಗುತ್ತದೆ. ಉಜ್ಜಿದಾಗ ಐಸಿನ ಮೇಲ್ಮೈ ಕೊಂಚ ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ತಿರುವು ಕಡಿಮೆಯಾಗುತ್ತದೆ. ಆ ತುದಿಯಲ್ಲಿ ನಿಂತು ಎಲ್ಲಿಗೆ ಬಿಡಬೇಕು, ಯಾವಾಗ ಉಜ್ಜಬೇಕು ಎಂದು ಕೂಗಿ ಹೇಳುವವರು ಸ್ಕಿಪ್. ಅವರೇ ನಾಯಕರು. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲು ಅವರದೇ. ಗೆದ್ದರೂ ಸೋತರೂ ಎಲ್ಲರ ಕಣ್ಣು ಅವರ ಮೇಲೆ. ಈ ಸ್ಕಿಪ್ ಅನ್ನುವ ಜಾಗವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕೊಲೀನ್ ಹುಟ್ಟಿದ್ದು 1959ರ ಡಿಸೆಂಬರ್‌ನಲ್ಲಿ, ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ಅಕ್ಕತಂಗಿಯರು ತುಂಬಿದ ದೊಡ್ಡ ಸಂಸಾರ. ಹದಿಹರೆಯದಲ್ಲಿ ಮೇಫ್ಲವರ್ ಕರ್ಲಿಂಗ್ ಕ್ಲಬ್ಬಿನಲ್ಲಿ ಕಲ್ಲು ಹಿಡಿದರು.

ಮೇಫ್ಲವರ್ ಹೆಸರು ಬಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತಲ್ಲ, ಆಗ ಶವಗಳನ್ನು ಹುಡುಕಿ ತರಲು ಹಡಗುಗಳು ಹೊರಟದ್ದು ಹ್ಯಾಲಿಫ್ಯಾಕ್ಸ್‌ನಿಂದ. ತಂದ ಶವಗಳನ್ನು ಗುರುತು ಹಚ್ಚುವವರೆಗೆ ಇಡಲು ದೊಡ್ಡದಾದ, ತಣ್ಣಗಿನ ಜಾಗ ಬೇಕಿತ್ತು. ಊರಿನಲ್ಲಿ ಸಿಕ್ಕಿದ್ದು ಮೇಫ್ಲವರ್‌ನ ಆಗಿನ ಕರ್ಲಿಂಗ್ ರಿಂಕ್. ಹತ್ತಿರದ ಬಂಧುಗಳು ತಮ್ಮವರನ್ನು ಹುಡುಕಿಕೊಂಡು ಬಂದದ್ದು ಅಲ್ಲಿಗೆ. ಟೈಟಾನಿಕ್‌ನಲ್ಲಿ ಸತ್ತ 150 ಮಂದಿಯ ಸಮಾಧಿ ಇವತ್ತಿಗೂ ಹ್ಯಾಲಿಫ್ಯಾಕ್ಸ್‌ನ ಮೂರು ಸ್ಮಶಾನಗಳಲ್ಲಿವೆ. ಈ ದೇಶದ ಹಳೆಯ ಊರುಗಳಲ್ಲಿ ಕರ್ಲಿಂಗ್ ರಿಂಕ್ ಅಂದರೆ ಬರೀ ಆಟದ ಕಟ್ಟಡವಾಗಿರಲಿಲ್ಲ. ಊರಿಗೆ ಕಷ್ಟ ಬಂದಾಗ ಅದರ ಬಾಗಿಲು ತೆಗೆಯುತ್ತಿದ್ದರು. ಕೊಲೀನ್ ಆಡುವ ಹೊತ್ತಿಗೆ ಕ್ಲಬ್ಬಿನ ಕಟ್ಟಡ ಬೇರೆಯಾಗಿತ್ತು, ಹೆಸರು ಅದೇ ಇತ್ತು.

ಸರಿ, ಆಟಕ್ಕೆ ಬರೋಣ. 1982ರಲ್ಲಿ ರೆಜೈನಾದಲ್ಲಿ ನಡೆದ ಕೆನಡಾ ರಾಷ್ಟ್ರೀಯ ಮಹಿಳಾ ಪಂದ್ಯಾವಳಿಯನ್ನು ಕೊಲೀನ್ ಗೆದ್ದರು. ಈಗ ನಾವು ಸ್ಕಾಟೀಸ್ ಎಂದು ಕರೆಯುವ ಟೂರ್ನಮೆಂಟ್ ಆಫ್ ಹಾರ್ಟ್ಸ್ ಆ ಹೆಸರಿನಲ್ಲಿ ನಡೆದದ್ದು ಅದೇ ಮೊದಲ ವರ್ಷ. ಅವರಿಗೆ ಆಗ 22 ವರ್ಷ. ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿನ ಸ್ಕಿಪ್ ಯಾರೂ ಆ ಪಟ್ಟ ಗೆದ್ದಿರಲಿಲ್ಲ. ಜೊತೆಯಲ್ಲಿ ಆಡಿದ್ದು ಕೇ ಸ್ಮಿತ್, ಮತ್ತೆ ಕೊಲೀನ್ ಅವರ ಒಡಹುಟ್ಟಿದವರಾದ ಮೋನಿಕಾ ಮತ್ತು ಬಾರ್ಬರಾ. ನಾಲ್ವರಲ್ಲಿ ಮೂವರು ಒಂದೇ ಮನೆಯವರು!

ಇಪ್ಪತ್ತೆರಡಕ್ಕೇ ದೇಶದ ಚಾಂಪಿಯನ್ ಆದವರ ಬಗ್ಗೆ ಜನ ಏನು ಅಂದುಕೊಳ್ಳುತ್ತಾರೆ? ಇನ್ನು ವರ್ಷ ವರ್ಷವೂ ಇವರದೇ ಎಂದು. ಆದರೆ ಎರಡನೆಯ ಪಟ್ಟ ಬಂದದ್ದು 1999ರಲ್ಲಿ. ನಡುವೆ ಹದಿನೇಳು ವರ್ಷ.

ಆ ಹದಿನೇಳು ವರ್ಷದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಕೊಲೀನ್ ಮೇಲೆ ಗೌರವ ಹುಟ್ಟಿದ್ದೇ ಆ ವರ್ಷಗಳಿಂದ. ಅವರು ಸುಮ್ನೆ ಮನೆಯಲ್ಲಿ ಕೂತಿರಲಿಲ್ಲ. ನೋವಾ ಸ್ಕೋಷಿಯಾವನ್ನು ಪ್ರತಿನಿಧಿಸಿ ಮತ್ತೆ ಮತ್ತೆ ರಾಷ್ಟ್ರೀಯ ಪಂದ್ಯಾವಳಿಗೆ ಬಂದರು, ಸೋತು ಮನೆಗೆ ಹೋದರು. ಒಂದೊಂದು ಸಲ ಪ್ರಾಂತದಿಂದಲೇ ಹೊರಬರಲಾಗಲಿಲ್ಲ. ಆ ಅವಧಿಯಲ್ಲಿ ಮದುವೆಯಾಯಿತು, ಇಬ್ಬರು ಗಂಡು ಮಕ್ಕಳು ಹುಟ್ಟಿದರು. 1986ರಲ್ಲಿ ಕೆನಡಾದ ರಾಷ್ಟ್ರೀಯ ಪ್ರಸಾರ ಸಂಸ್ಥೆ ಸಿಬಿಸಿ ಸೇರಿದರು. ಬೆಳಗಿನ ಸುದ್ದಿಯಲ್ಲಿ ಹವಾಮಾನ ಮತ್ತು ಕ್ರೀಡೆಯ ವರದಿ ಕೊಡುವ ಮುಖವಾಗಿ ದೇಶಕ್ಕೆಲ್ಲ ಪರಿಚಯವಾದರು. ಬೆಳಗಿನ ಸುದ್ದಿ ಓದುವವರು ಎಷ್ಟು ಹೊತ್ತಿಗೆ ಏಳಬೇಕು, ಯೋಚನೆ ಮಾಡಿ. ಆ ಕೆಲಸ, ಆ ಮಕ್ಕಳು, ಸಂಜೆ ಐಸ್ ಮೇಲೆ ಅಭ್ಯಾಸ. ಆಗಿನ ಕರ್ಲಿಂಗ್‌ನಲ್ಲಿ ಆಟದ ದುಡ್ಡಿನಿಂದ ಸಂಸಾರ ನಡೆಸುವ ಮಾತೇ ಇರಲಿಲ್ಲ. ನೌಕರಿ ಎಲ್ಲರಿಗೂ ಇತ್ತು.

ಇಲ್ಲಿ ಕೂತಿರುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಾದ ಮೇಲೆ ಸಂಗೀತ ಬಿಟ್ಟವರು, ಬ್ಯಾಡ್ಮಿಂಟನ್ ಬಿಟ್ಟವರು ನಮ್ಮ ಒಂದೊಂದು ಮನೆಯಲ್ಲೂ ಇದ್ದಾರೆ. ಕೊಲೀನ್ ಬಿಡಲಿಲ್ಲ. ಅವರೊಬ್ಬರ ಛಲ ಅಷ್ಟೇ ಸಾಕಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಗಂಡ ಸ್ಕಾಟ್ ಸಾಂಡರ್ಸ್ ಕೂಡ ಕರ್ಲಿಂಗ್ ಆಟಗಾರರೇ. 1993ರಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿ ಕೆನಡಾದ ಮಿಕ್ಸೆಡ್ ಪಟ್ಟ, ಅಂದರೆ ಗಂಡಸರೂ ಹೆಂಗಸರೂ ಸೇರಿ ಆಡುವ ವಿಭಾಗದ ಪಟ್ಟ, ಗೆದ್ದಿದ್ದರು. ಆಟದ ಹುಚ್ಚು ಏನು ಎಂದು ಗೊತ್ತಿರುವ ಮನೆ ಅದು.

1999ರಲ್ಲಿ ಷಾರ್ಲಟ್‌ಟೌನ್‌ನಲ್ಲಿ ಗೆದ್ದಾಗ ತಂಡ ಹೊಸದು. ಕೊಲೀನ್ ಸ್ಕಿಪ್, ಕಿಮ್ ಕೆಲ್ಲಿ ಮೂರನೆಯವರು, ಮೇರಿ-ಆ್ಯನ್ ಎರಡನೆಯವರು, ನ್ಯಾನ್ಸಿ ಡೆಲಹಂಟ್ ಮೊದಲ ಕಲ್ಲು ಬಿಡುವವರು. ತರಬೇತುದಾರ ಕೆನ್ ಬ್ಯಾಗ್‌ನೆಲ್. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪದಕ ಸಿಗಲಿಲ್ಲ. ಆಮೇಲೆ ಶುರುವಾದದ್ದು ನೋಡಿ. 2001ರಲ್ಲಿ ಸಡ್‌ಬರಿ, 2002ರಲ್ಲಿ ಬ್ರ್ಯಾಂಡನ್, 2003ರಲ್ಲಿ ಕಿಚನರ್, 2004ರಲ್ಲಿ ರೆಡ್ ಡಿಯರ್. ನಾಲ್ಕು ವರ್ಷ ಸತತವಾಗಿ ರಾಷ್ಟ್ರೀಯ ಪಟ್ಟ. ಅಲ್ಲಿಯವರೆಗೆ ಯಾವ ಮಹಿಳಾ ಸ್ಕಿಪ್ಪೂ ಹಾಗೆ ಗೆದ್ದಿರಲಿಲ್ಲ. ಅದನ್ನು ಸರಿಗಟ್ಟಲು 2023ರಲ್ಲಿ ಕೆರಿ ಐನಾರ್ಸನ್ ಬರಬೇಕಾಯಿತು. 1982ರದ್ದೂ ಸೇರಿ ಒಟ್ಟು ಆರು ಪಟ್ಟ. ಆ ಆರನ್ನು 2018ರಲ್ಲಿ ಮ್ಯಾನಿಟೋಬಾದ ಜೆನಿಫರ್ ಜೋನ್ಸ್ ಮುಟ್ಟಿದರು. ಹೆಸರು ಒಂದೇ ಎಂದು ಸಂಬಂಧಿಕರು ಅಂದುಕೊಳ್ಳಬೇಡಿ. ಬೇರೆ ಬೇರೆ ಮನೆಯವರು.

ವಿಶ್ವ ಮಟ್ಟದಲ್ಲಿ 2001ರಲ್ಲಿ ಲೊಸಾನ್‌ನಲ್ಲಿ ಸ್ವೀಡನ್ ವಿರುದ್ಧ ಫೈನಲ್ ಗೆದ್ದರು. 2002ರಲ್ಲಿ ಪದಕವಿಲ್ಲ. 2003ರಲ್ಲಿ ವಿನ್ನಿಪೆಗ್‌ನಲ್ಲಿ, ತಮ್ಮ ದೇಶದ ಜನರ ಮುಂದೆಯೇ, ಅಮೆರಿಕದ ಎದುರು ಫೈನಲ್ ಸೋತರು. 2004ರಲ್ಲಿ ಸ್ವೀಡನ್‌ನ ಯೇವ್ಲೆಯಲ್ಲಿ ನಾರ್ವೆಯನ್ನು ಸೋಲಿಸಿ ಮತ್ತೆ ಗೆದ್ದರು. ಆಗ ಅವರಿಗೆ 44. ತುಂಬಾ ಆಟಗಳಲ್ಲಿ ಆ ವಯಸ್ಸಿಗೆ ಆಟಗಾರರು ತರಬೇತುದಾರರಾಗಿ ಹತ್ತು ವರ್ಷ ಕಳೆದಿರುತ್ತದೆ.

ಒಲಿಂಪಿಕ್ಸ್ ಮಾತ್ರ ಅವರಿಗೆ ದಕ್ಕಲಿಲ್ಲ. 1998ರ ನಾಗಾನೊದಿಂದ ಕರ್ಲಿಂಗ್ ಪದಕದ ಆಟವಾಯಿತು. ಕೆನಡಾದಲ್ಲಿ ಒಲಿಂಪಿಕ್ಸ್‌ಗೆ ಹೋಗುವ ತಂಡವನ್ನು ಬೇರೆಯದೇ ಆಯ್ಕೆ ಪಂದ್ಯಾವಳಿ ನಡೆಸಿ ಆರಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ, ಒಂದೇ ತಂಡಕ್ಕೆ ಜಾಗ. ವಿಶ್ವ ಚಾಂಪಿಯನ್ ಆಗಿದ್ದರೂ ಆ ಒಂದು ವಾರ ಚೆನ್ನಾಗಿ ಆಡದಿದ್ದರೆ ಮುಗಿಯಿತು. 2001ರ ಡಿಸೆಂಬರ್‌ನಲ್ಲಿ ರೆಜೈನಾದಲ್ಲಿ ಕೆಲ್ಲಿ ಲಾ ತಂಡ ಗೆದ್ದಿತು. 2005ರಲ್ಲಿ ಆಯ್ಕೆ ಪಂದ್ಯಾವಳಿ ಹ್ಯಾಲಿಫ್ಯಾಕ್ಸ್‌ನಲ್ಲೇ ನಡೆಯಿತು, ಕೊಲೀನ್ ಅವರ ಸ್ವಂತ ಊರಿನಲ್ಲಿ. ಗೆದ್ದದ್ದು ಶಾನನ್ ಕ್ಲೈಬ್ರಿಂಕ್ ತಂಡ. ಕೊಲೀನ್ ಒಲಿಂಪಿಕ್ಸ್‌ಗೆ ಹೋದದ್ದು ಮೈಕ್ ಹಿಡಿದ ವರದಿಗಾರ್ತಿಯಾಗಿ. ತಾನು ಆಡಬೇಕಿದ್ದ ಆಟವನ್ನು ಬೇರೆಯವರು ಆಡುವಾಗ ಅದರ ಬಗ್ಗೆ ಖುಷಿಯಿಂದ ಮಾತಾಡಲು ದೊಡ್ಡ ಮನಸ್ಸು ಬೇಕು.

2006ರಲ್ಲಿ ಕೊಲೀನ್ ಅವರ ಆ ತಂಡ ಬೇರೆಯಾಯಿತು. ಕರ್ಲಿಂಗ್‌ನಲ್ಲಿ ಇದು ಸಾಮಾನ್ಯ. ನಾಲ್ಕು ವರ್ಷದ ಒಲಿಂಪಿಕ್ ಲೆಕ್ಕ ಮುಗಿದ ಮೇಲೆ ತಂಡಗಳು ಒಡೆದು ಹೊಸದಾಗಿ ಸೇರುತ್ತವೆ. ಕೊಲೀನ್ ಬೇರೆ ಜೊತೆಗಾರರೊಂದಿಗೆ ಆಡುತ್ತಾ ಹೋದರು. 2010ರ ಕೊನೆಯಲ್ಲಿ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಬಂತು. ಮಿದುಳಿನ ಹೊದಿಕೆಗೆ ತಗಲುವ ಸೋಂಕು ಅದು. ಜೀವಕ್ಕೇ ಅಪಾಯ. ಅವರಿಗೆ ಆಗ 50 ತುಂಬಿತ್ತು. ಅಲ್ಲಿಗೆ ಆಟ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಈಗ ನಾನು ನೆನಪಿಟ್ಟುಕೊಳ್ಳಿ ಎಂದ ಸ್ಕಿಪ್ ವಿಷಯಕ್ಕೆ ಬರುತ್ತೇನೆ. 2013ರ ಸ್ಕಾಟೀಸ್ ಕಿಂಗ್‌ಸ್ಟನ್‌ನಲ್ಲಿ ನಡೆಯಿತು. ನೋವಾ ಸ್ಕೋಷಿಯಾ ತಂಡದಲ್ಲಿ ಕೊಲೀನ್ ಇದ್ದರು, 53ನೇ ವಯಸ್ಸಿನಲ್ಲಿ. ಅದು ಅವರ 21ನೇ ರಾಷ್ಟ್ರೀಯ ಪಂದ್ಯಾವಳಿ. ಆದರೆ ಸ್ಕಿಪ್ ಅವರಲ್ಲ. ಸ್ಕಿಪ್ ಮೇರಿ-ಆ್ಯನ್ ಆರ್ಸೆನೊ. ಹೌದು, ಹಿಂದೆ ಕೊಲೀನ್ ತಂಡದಲ್ಲಿ ಎರಡನೆಯವರಾಗಿ ಕಲ್ಲು ಬಿಡುತ್ತಿದ್ದ ಅದೇ ಮೇರಿ-ಆ್ಯನ್. ಅಷ್ಟು ವರ್ಷ ತನ್ನ ಮಾತು ಕೇಳಿ ಆಡುತ್ತಿದ್ದವರ ಮಾತು ಕೇಳಿ ಈಗ ಕೊಲೀನ್ ಆಡಿದರು. ಆರು ರಾಷ್ಟ್ರೀಯ ಪಟ್ಟ, ಎರಡು ವಿಶ್ವ ಪಟ್ಟ ಗೆದ್ದ ಸ್ಕಿಪ್, ಇನ್ನೊಬ್ಬರು ಬ್ರಷ್ ತೋರಿಸಿದ ಕಡೆಗೆ ಕಲ್ಲು ಬಿಟ್ಟರು.

ನಮ್ಮ ಕಚೇರಿಗಳಲ್ಲಿ, ಸಂಘಗಳಲ್ಲಿ ಇದನ್ನು ಎಷ್ಟು ಜನ ಮಾಡುತ್ತಾರೆ ಹೇಳಿ. ಒಮ್ಮೆ ಅಧ್ಯಕ್ಷರಾದವರು ಮುಂದಿನ ವರ್ಷ ಕುರ್ಚಿ ಜೋಡಿಸಲು ಬರುತ್ತಾರಾ? ಕೊಲೀನ್ ಅವರಿಗೆ ಆಟ ಬೇಕಿತ್ತು, ಯಾವ ಜಾಗ ಅನ್ನುವುದು ಆಮೇಲಿನ ಮಾತು. ಅವರ ಹಿರಿಯರ ಪದಕದ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಳೆಯ ಸ್ಥಾನ ಸಿಕ್ಕರೆ ಮಾತ್ರ ಆಡುತ್ತೇನೆ ಅಂದವರು ಐವತ್ತು ದಾಟಿ ಐಸ್ ಮೇಲೆ ಉಳಿಯುವುದು ಕಷ್ಟ.

ಹಿರಿಯರ ವಿಭಾಗ ಅಂದರೆ 50 ತುಂಬಿದವರದು. ಕೆನಡಾದಲ್ಲಿ ಗಂಡಸರ ಹಿರಿಯರ ಚಾಂಪಿಯನ್‌ಷಿಪ್ 1965ರಿಂದ, ಹೆಂಗಸರದು 1973ರಿಂದ ನಡೆಯುತ್ತಿದೆ. ವಿಶ್ವ ಮಟ್ಟದ್ದು ಶುರುವಾದದ್ದು 2002ರಲ್ಲಿ. ಪ್ರಾಂತದಲ್ಲಿ ಗೆಲ್ಲಬೇಕು, ಆಮೇಲೆ ದೇಶದಲ್ಲಿ ಗೆಲ್ಲಬೇಕು, ಕೊಲೀನ್ ಆಡಿದ ಆ ಹೊತ್ತಿಗೆ ಗೆದ್ದವರು ಮುಂದಿನ ವರ್ಷ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಿದ್ದರು. ಹಾಗಾಗಿ ಎರಡು ಸೀಸನ್ ತಂಡವನ್ನೂ ಮೈಯನ್ನೂ ಹದವಾಗಿ ಇಟ್ಟುಕೊಳ್ಳಬೇಕಿತ್ತು. ಪಂದ್ಯ ಎಂಟು ಎಂಡ್.

ಎಂಟು ತಾನೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲ ಕಲ್ಲು ಬಿಡುವವರ ಲೆಕ್ಕ ಹಾಕಿ ನೋಡಿ. ತಮ್ಮ ಎರಡು ಕಲ್ಲು ಬಿಟ್ಟು, ತಂಡದ ಉಳಿದ ಆರು ಕಲ್ಲಿಗೂ ಅವರೇ ಬ್ರಷ್ ಹಿಡಿದು ಓಡಬೇಕು. ಎಂಟು ಎಂಡ್‌ಗೆ 48 ಕಲ್ಲು. ಪ್ರತಿ ಸಲವೂ ಪೂರ್ತಿ ಉಜ್ಜಬೇಕಾಗದೆ ಇರಬಹುದು, ಆದರೆ ಕಲ್ಲಿನ ಜೊತೆ ಹೋಗಲೇಬೇಕು. ದಿನಕ್ಕೆ ಎರಡು ಪಂದ್ಯ ಬಿದ್ದರೆ ಇದರ ಎರಡರಷ್ಟು. ಅದೂ ಜಾರುವ ಐಸ್ ಮೇಲೆ, ಬ್ರಷ್ ಮೇಲೆ ಮೈಭಾರ ಹಾಕಿ. ಕಲ್ಲು ಬಿಡುವಾಗ ಒಂದು ಕಾಲನ್ನು ಹ್ಯಾಕ್ ಎನ್ನುವ ಆಸರೆಗೆ ಒತ್ತಿ, ಇನ್ನೊಂದು ಮಂಡಿಯನ್ನು ಪೂರ್ತಿ ಮಡಚಿ, ನೆಲಮಟ್ಟಕ್ಕೆ ಕೂತು ಜಾರಬೇಕು. ಐವತ್ತು ದಾಟಿದ ಮಂಡಿಗೆ ಇದು ಸಣ್ಣ ಕೆಲಸ ಅಲ್ಲ. ವಯಸ್ಸು ಕಿತ್ತುಕೊಳ್ಳುವುದು ಇದನ್ನೇ: ಉಜ್ಜುವ ಬಲ, ಮಂಡಿ, ಒಂದು ಪಂದ್ಯದಿಂದ ಇನ್ನೊಂದಕ್ಕೆ ಸುಧಾರಿಸಿಕೊಳ್ಳುವ ಶಕ್ತಿ.

ಬದಲಿಗೆ ಬರುವುದೂ ಇದೆ. ಐಸ್ ದಿನದಲ್ಲಿ ಹಲವು ಸಲ ಬದಲಾಗುತ್ತದೆ. ಜನ ತುಂಬಿ ಸಭಾಂಗಣ ಬೆಚ್ಚಗಾದರೆ ಒಂದು ರೀತಿ, ಗುಳ್ಳೆ ಸವೆದರೆ ಇನ್ನೊಂದು ರೀತಿ. ಪಟ್ಟಿಯ ಎಡಗಡೆ ಹೋದ ಕಲ್ಲು ಒಂದು ಥರ ತಿರುಗಿದರೆ ಬಲಗಡೆ ಇನ್ನೊಂದು ಥರ. ಇದನ್ನು ಮೊದಲ ಎರಡು ಎಂಡ್‌ನಲ್ಲೇ ಓದಿ, ಯಾವ ಹೊಡೆತ ಕೇಳಬೇಕು, ಯಾವುದನ್ನು ಕೇಳಬಾರದು ಎಂದು ತೀರ್ಮಾನಿಸಬೇಕು. ಮೂವತ್ತು ನಲವತ್ತು ವರ್ಷ ಐಸ್ ನೋಡಿದ ಕಣ್ಣಿಗೆ ಇದು ಬೇಗ ಕಾಣುತ್ತದೆ.

ಇದಕ್ಕೆ ಇನ್ನೊಬ್ಬರ ಉದಾಹರಣೆ ಕೊಡುತ್ತೇನೆ. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಗಂಡಸರ ತಂಡ ಚಿನ್ನ ಗೆದ್ದಿತು. ಬ್ರ್ಯಾಡ್ ಗುಷೂ ಅವರ ತಂಡ, ಇಪ್ಪತ್ತರ ಹುಡುಗರು. ಅವರು ಬೇಕೆಂದು ಒಬ್ಬ ಅನುಭವಿಯನ್ನು ಸೇರಿಸಿಕೊಂಡರು. ಅವರು ರಸ್ ಹವರ್ಡ್. ಆ ಒಲಿಂಪಿಕ್ಸ್ ನಡೆಯುವಾಗಲೇ ಅವರಿಗೆ 50 ತುಂಬಿತು. ಗುಷೂ ಕೊನೆಯ ಕಲ್ಲು ಬಿಡುತ್ತಿದ್ದರು, ಹೌಸ್‌ನಲ್ಲಿ ನಿಂತು ಆಟ ನಡೆಸುತ್ತಿದ್ದದ್ದು ಹವರ್ಡ್. ಮುಂದೆ ಕಾವಲು ನಿಂತ ಕಲ್ಲುಗಳನ್ನು ಆಟದ ಶುರುವಿನಲ್ಲಿ ಹೊಡೆದು ತೆಗೆಯಬಾರದು ಎಂಬ ನಿಯಮ ಈಗ ಎಲ್ಲ ಕಡೆ ಇದೆ. ಅದರ ಮೂಲ ಕಲ್ಪನೆಯೂ ಹವರ್ಡ್ ಅವರದೇ. ಯುವಕರ ತೋಳು, ಹಿರಿಯರ ಕಣ್ಣು, ಎರಡೂ ಸೇರಿ ಚಿನ್ನ ಬಂತು.

ಕೊಲೀನ್ ವಿಷಯದಲ್ಲಿ ಎರಡನ್ನೂ ಹಿರಿಯರೇ ಒದಗಿಸಬೇಕಿತ್ತು. 2016ರ ಕೆನಡಾ ಹಿರಿಯರ ಚಾಂಪಿಯನ್‌ಷಿಪ್ ನೋವಾ ಸ್ಕೋಷಿಯಾದ ಡಿಗ್ಬಿಯಲ್ಲೇ ನಡೆಯಿತು. ಮೀನುಗಾರರ ಸಣ್ಣ ಊರು, ಸ್ಕ್ಯಾಲಪ್ ಚಿಪ್ಪುಮೀನಿಗೆ ಹೆಸರುವಾಸಿ. ಕೊಲೀನ್ ಮತ್ತೆ ಸ್ಕಿಪ್. ಮೂರನೆಯವರು ಕಿಮ್ ಕೆಲ್ಲಿ. ಎರಡನೆಯವರು ಮೇರಿ ಸೂ ರ್‍ಯಾಡ್‌ಫರ್ಡ್. ಮೊದಲ ಕಲ್ಲಿಗೆ ನ್ಯಾನ್ಸಿ ಡೆಲಹಂಟ್. ಹೆಸರುಗಳನ್ನು ಗಮನಿಸಿದಿರಾ? 1999ರಲ್ಲಿ ಗೆದ್ದ ನಾಲ್ವರಲ್ಲಿ ಮೂವರು ಇಲ್ಲೂ ಇದ್ದಾರೆ. ನಡುವೆ ತಂಡ ಒಡೆದಿತ್ತು. ಹತ್ತು ವರ್ಷ ಕಳೆದಿತ್ತು. ಮತ್ತೆ ಸೇರಿ, ತಮ್ಮ ಪ್ರಾಂತದ ಜನರ ಮುಂದೆ ರಾಷ್ಟ್ರೀಯ ಪಟ್ಟ ಗೆದ್ದರು. ಮುಂದಿನ ವರ್ಷ ಲೆತ್‌ಬ್ರಿಜ್‌ನಲ್ಲಿ ವಿಶ್ವ ಪಟ್ಟವನ್ನೂ ಗೆದ್ದರು. ಕೊಲೀನ್ ಅವರ ಮೊದಲ ರಾಷ್ಟ್ರೀಯ ಪಟ್ಟಕ್ಕೂ ಡಿಗ್ಬಿಯ ಪಟ್ಟಕ್ಕೂ ನಡುವೆ 34 ವರ್ಷದ ಅಂತರ.

ಇದಕ್ಕೇ ನಾನು ಹೇಳಿದ್ದು ತೂಕ ಒಂದೇ ಎಂದು. ಒಡೆದ ಸ್ನೇಹವನ್ನು ಮತ್ತೆ ಕೂಡಿಸುವುದು, ಕಾಯಿಲೆಯಿಂದ ಎದ್ದ ದೇಹವನ್ನು ಹುರಿಗೊಳಿಸುವುದು, ಇನ್ನೊಬ್ಬರ ಕೈಕೆಳಗೆ ಆಡಿ ಮತ್ತೆ ಮುಂದೆ ನಿಂತು ಹೊಣೆ ಹೊರುವುದು, ಇಷ್ಟೂ ಆ ಒಂದು ಪದಕದ ಹಿಂದೆ ಇವೆ. 22ರಲ್ಲಿ ಗೆದ್ದಾಗ ಇದಾವುದೂ ಬೇಕಿರಲಿಲ್ಲ.

ಗೌರವಗಳ ಪಟ್ಟಿ ಓದುತ್ತಾ ಕೂರುವುದಿಲ್ಲ. 2022ರಲ್ಲಿ ದೇಶದ ದೊಡ್ಡ ನಾಗರಿಕ ಗೌರವವಾದ ಆರ್ಡರ್ ಆಫ್ ಕೆನಡಾ ಬಂತು. 2023ರಲ್ಲಿ ಸಿಬಿಸಿಯಿಂದ ನಿವೃತ್ತರಾದರು. 2025ರ ನವೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 65. ನಿವೃತ್ತಿಯ ಮೇಲೆ ಇನ್ನೂ ಎಷ್ಟೋ ವರ್ಷ ಆಡುವ, ಆಡಿಸುವ ಜೀವ ಅದು. ಆ ಸುದ್ದಿ ಓದಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು.

ಸಭೆಯಿಂದ ಒಂದು ಚೀಟಿ ಬಂದಿದೆ. ಊರಿನಿಂದ ಬಂದು ನಮ್ಮ ಜೊತೆ ಇರುವ ಅಪ್ಪ ಅಮ್ಮ ಅರವತ್ತೈದು ದಾಟಿದ್ದಾರೆ, ಚಳಿಗಾಲದಲ್ಲಿ ಮನೆಯೊಳಗೇ ಕೂತು ಬೇಜಾರಾಗುತ್ತಿದೆ, ಅವರು ಇದನ್ನು ಆಡಬಹುದಾ ಎಂದು ಕೇಳಿದ್ದಾರೆ. ಆಡಬಹುದು. ಮಂಡಿ ಮಡಚಲು ಆಗದವರಿಗೆ ಒಂದು ಉದ್ದನೆಯ ಕೋಲು ಇದೆ. ಅದರ ತುದಿಯನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ, ನಿಂತುಕೊಂಡೇ ನಡೆಯುತ್ತಾ ಕಲ್ಲು ಬಿಡಬಹುದು. ಕೋಲಿನಿಂದಲೇ ಆಡುವ, ತಂಡಕ್ಕೆ ಇಬ್ಬರೇ ಇರುವ ಒಂದು ಬಗೆಯೂ ಇದೆ. ಅದರಲ್ಲಿ ಉಜ್ಜುವ ಓಟ ಇಲ್ಲ. ತುಂಬಾ ಕ್ಲಬ್ಬುಗಳಲ್ಲಿ ವಾರದ ದಿನಗಳಲ್ಲಿ ಹಗಲು ಹೊತ್ತು ಹಿರಿಯರಿಗೆಂದೇ ಆಟ ಇರುತ್ತದೆ. ಸೀಸನ್ ಸಾಮಾನ್ಯವಾಗಿ ಅಕ್ಟೋಬರ್ ಸುತ್ತಮುತ್ತ ಶುರು. ಹೊಸಬರಿಗೆ ಕಲಿಸುವ ದಿನಗಳನ್ನು ಆಗಲೇ ಇಡುತ್ತಾರೆ. ಕಲ್ಲು, ಬ್ರಷ್ ಅಲ್ಲೇ ಸಿಗುತ್ತವೆ. ಸ್ವಚ್ಛವಾದ ರಬ್ಬರ್ ಅಡಿಯ ಶೂ, ಬೆಚ್ಚನೆಯ ಸಡಿಲ ಬಟ್ಟೆ ಇದ್ದರೆ ಸಾಕು. ತಲೆಗೆ ಹೆಲ್ಮೆಟ್ ಹಾಕಿಸಿ, ಹಿಂದಕ್ಕೆ ಜಾರಿ ಬಿದ್ದರೆ ಪೆಟ್ಟು ಬೀಳುವುದು ತಲೆಗೇ. ಆಟ ಮುಗಿದ ಮೇಲೆ ಎರಡೂ ತಂಡ ಒಂದೇ ಮೇಜಿನ ಸುತ್ತ ಕೂತು ಮಾತಾಡುವುದು ಇಲ್ಲಿನ ಪದ್ಧತಿ, ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಬೇಕು. ನಿಮ್ಮ ತಂದೆಯವರಿಗೆ ಕಾಫಿ ಸಾಕು ಎಂದು ಮೊದಲೇ ಹೇಳಿಟ್ಟರಾಯಿತು.